ಅಕ್ಕಸಾಲಿ ಕಾಳಪ್ಪನ ಎಣ್ಣೆಸ್ನಾನ

ಅಕ್ಕಸಾಲಿಯ ಮುಖ ಹೇಗಿದೆ ಎಂದು ಅವನ ಗಿರಾಕಿಗಳನ್ನು ಕೇಳಿ ನೋಡಿ, ಒಂದು ಕ್ಷಣ ತಡವರಿಸುತ್ತಾರೆ. ನೆತ್ತಿ ಹೇಗಿದೆ ಎಂದು ಕೇಳಿದರೆ ಥಟ್ಟನೆ ಹೇಳುತ್ತಾರೆ. ಬೆಳಗಿನಿಂದ ಸಂಜೆಯವರೆಗೆ ತಲೆ ಬಗ್ಗಿಸಿಯೇ ಕೂರುವ ಮನುಷ್ಯನಲ್ಲಿ ಎದುರು ಕೂತವರಿಗೆ ಕಾಣುವುದೇ ಅಷ್ಟು. ನಾಗಮಂಗಲದ ಪೇಟೆಬೀದಿಯ ಕಾಳಪ್ಪ ಮೂವತ್ತು ವರ್ಷದಿಂದ ಹೀಗೆ ತಲೆ ಬಗ್ಗಿಸಿ ದುಡಿದವನು. ತಪ್ಪು ಮಾಡಿ ತಲೆ ತಗ್ಗಿಸುವವರು ಊರಲ್ಲಿ ಬೇಕಾದಷ್ಟು ಮಂದಿ ಇದ್ದರು, ಯಾವ ತಪ್ಪೂ ಮಾಡದೆ ತಗ್ಗಿಸುತ್ತಿದ್ದವನು ಇವನೊಬ್ಬ. ತನ್ನ ನೆತ್ತಿಯನ್ನು ಮಾತ್ರ ಅವನು ಒಮ್ಮೆಯೂ ನೋಡಿಕೊಂಡಿರಲಿಲ್ಲ. ನೋಡಿಕೊಳ್ಳುವ ಪ್ರಸಂಗ ಶಿವರಾತ್ರಿ ಕಳೆದ ವಾರ ಬಂತು.

ಆದಿಚುಂಚನಗಿರಿಯ ಕಾಲೇಜಿಗೆ ಹೋಗುವ ಮಗಳು ಹರ್ಷಿತ, ಅಪ್ಪನ ಕೈಚಳಕ ಲೋಕಕ್ಕೆ ಗೊತ್ತಾಗಲಿ ಎಂಬ ಒಳ್ಳೆಯ ಮನಸ್ಸಿನಿಂದ, ಅವನು ಜುಮುಕಿಗೆ ಮಣಿ ಕೂರಿಸುವುದನ್ನು ಫೋನಿನಲ್ಲಿ ಹಿಡಿದು ರೀಲ್ಸ್ ಮಾಡಿ ಬಿಟ್ಟಳು. ಫೋನನ್ನು ಕೊಂಚ ಮೇಲಿನಿಂದ ಹಿಡಿದಿದ್ದಳು. ಜುಮುಕಿ ಒಂದು ಮೂಲೆಯಲ್ಲಿತ್ತು, ಕೈಚಳಕ ಇನ್ನೊಂದು ಮೂಲೆಯಲ್ಲಿತ್ತು. ನಟ್ಟನಡುವೆ, ಕುಲುಮೆಯ ಬೆಳಕು ಬಿದ್ದು ಫಳಫಳ ಹೊಳೆಯುತ್ತ, ಕಾಳಪ್ಪನ ನೆತ್ತಿ ಇತ್ತು. ಸಂಜೆಯೊಳಗೆ ಸಾವಿರದ ಇನ್ನೂರು ಜನ ನೋಡಿದರು. 'ಕೆಲಸ ಸೂಪರ್, ಪಾಲಿಶ್ ಇನ್ನೂ ಸೂಪರ್' ಎಂದು ಒಬ್ಬ ಬರೆದಿದ್ದ. ಹರ್ಷಿತ ನಾಲಿಗೆ ಕಚ್ಚಿಕೊಂಡು ರೀಲ್ಸನ್ನೇ ಅಳಿಸಿದಳು. ಅಷ್ಟರಲ್ಲಿ ಎದುರಂಗಡಿಯ ಟೈಲರ್ ಶಂಕರ್ ನೋಡಿ ಆಗಿತ್ತು. ಶಂಕರ್ ನೋಡಿದನೆಂದರೆ ಬೀದಿ ನೋಡಿದ ಹಾಗೆ.

"ಐವತ್ತೆರಡು ವರ್ಸದೋನಿಗೆ ಕೂದ್ಲು ಯಾಕೆ? ನಾನೇನು ಮದ್ವೆಗಂಡಾ?" ಎಂದು ಕಾಳಪ್ಪ ಎಲ್ಲರ ಮುಂದೆ ಉದಾಸೀನದಿಂದ ಹೇಳಿದ. ಹೇಳಿ, ಮಾರನೆಯ ಬೆಳಿಗ್ಗೆ ಹಿತ್ತಲಿನಲ್ಲಿ ಪಾತ್ರೆ ತೊಳೆಯುತ್ತಿದ್ದ ಹೆಂಡತಿ ರಾಧಾಮಣಿಯ ಪಕ್ಕ ಹೋಗಿ ನಿಂತು, ಒಂದು ಸಲ ಕೆಮ್ಮಿ, ದಾಸವಾಳದ ಗಿಡದ ಕಡೆ ನೋಡುತ್ತ, "ನಿಮ್ಮಮ್ಮ ತಲೆಗೆ ಒಂದು ಎಣ್ಣೆ ಕಾಯಿಸ್ತಿದ್ರಲ್ಲ, ಅದ್ಕೆ ಏನೇನು ಹಾಕ್ತಿದ್ರು?" ಎಂದು ಕೇಳಿದ.

ರಾಧಾಮಣಿಯ ತವರು ಪಾಂಡವಪುರದ ಕಡೆ. ಅವಳು ಗಂಡನನ್ನು ಮೇಲಿನಿಂದ ಕೆಳಗೆ ನೋಡಿದಳು. ಮತ್ತೆ ಕೆಳಗಿನಿಂದ ಮೇಲಕ್ಕೆ ನೋಡಿ, ನೋಟವನ್ನು ಮೇಲೆಯೇ ನಿಲ್ಲಿಸಿದಳು.

"ಕೊಬ್ರಿ ಎಣ್ಣೆ, ಗರುಗದ ಸೊಪ್ಪು, ದಾಸವಾಳ, ಕರಿಬೇವು, ಮೆಂತ್ಯ. ಆದ್ರೆ ಈಗ್ಲೇ ಹೇಳ್ತೀನಿ ಕೇಳ್ರಿ. ಎಣ್ಣೆ ಅನ್ನೋದು ಗಿಡಕ್ಕೆ ನೀರಾಕ್ದಂಗೆ. ಬಾಡಿರೋ ಗಿಡ ಚೇತರಿಸ್ಕತದೆ. ಗಿಡವೇ ಇಲ್ದಿರೋ ತಾವ ನೀರಾಕುದ್ರೆ ಕೆಸ್ರಾಯ್ತದೆ ಅಷ್ಟೆ."

ಇರುವುದು ಉಳಿದರೆ ಸಾಕು ಎಂದು ಕಾಳಪ್ಪ ಒಪ್ಪಿಕೊಂಡ. ಕೊಬ್ಬರಿಗೆ ಅವರ ಸೀಮೆಯಲ್ಲಿ ಬರವಿರಲಿಲ್ಲ. ಗಾಣಕ್ಕೆ ಕೊಟ್ಟು ಎಣ್ಣೆ ತೆಗೆಸಿದ. ಗರುಗ ಮಾತ್ರ ನಾಗಮಂಗಲದ ಒಣ ನೆಲದಲ್ಲಿ ಸಿಗುವುದಿಲ್ಲ. ಅದು ನಾಲೆಯ ನೀರು ಹರಿಯುವ ಕಡೆ, ಗದ್ದೆಯ ಬದುವಿನಲ್ಲಿ ಬೆಳೆಯುವ ಕಳೆ. ಅದಕ್ಕಾಗಿ ಅವನು ಬಸ್ಸು ಹತ್ತಿ ಪಾಂಡವಪುರಕ್ಕೆ ಹೋಗಿ, ಇಸ್ತ್ರಿ ಮಾಡಿದ ಬಿಳಿ ಪಂಚೆಯನ್ನು ಮಂಡಿಗೆ ಎತ್ತಿ ಕಟ್ಟಿಕೊಂಡು, ಯಾರದೋ ಬದುವಿನಲ್ಲಿ ಕುಕ್ಕರುಗಾಲಲ್ಲಿ ಕೂತು ಒಂದು ಚೀಲ ಕಿತ್ತ. ಗದ್ದೆಯವನು ಬಂದು, "ಯಾರ್ಲಾ ಅದು?" ಎಂದ. ಕಾಳಪ್ಪ ತನ್ನ ಹಸುವಿಗೆ ಎಂದ. ಗದ್ದೆಯವನು ಪುಕ್ಕಟೆಯಾಗಿ ಕಳೆ ತೆಗೆಯುವ ಮನುಷ್ಯನನ್ನು ಕಂಡು ಸಂತೋಷಪಟ್ಟು, ಆ ಕಡೆಯ ಬದುವಿನಲ್ಲೂ ಇದೆ ಎಂದು ತೋರಿಸಿದ. ಕಾಳಪ್ಪನಿಗೆ ಹಸು ಇರಲಿಲ್ಲ.

ಎಣ್ಣೆ ಕಾಯಿಸುವ ದಿನ ಗಂಡಹೆಂಡಿರ ನಡುವೆ ಸಣ್ಣ ಜಗಳವೇ ಆಯಿತು. ಚಿನ್ನ ತೂಗಿ ಅಭ್ಯಾಸವಾದ ಕೈಗೆ ಅಂದಾಜು ಎಂಬುದು ಬರುವುದಿಲ್ಲ.

"ಮೆಂತ್ಯ ಒಂದು ಹಿಡಿ," ಎಂದಳು ರಾಧಾಮಣಿ.

"ಯಾರ ಹಿಡಿ?" ಎಂದು ಕೇಳಿದ ಕಾಳಪ್ಪ.

"ಹಿಡಿ ಅಂದ್ರೆ ಹಿಡಿ ಕಣ್ರೀ."

"ನಿನ್ನ ಹಿಡಿಯಾ, ನನ್ನ ಹಿಡಿಯಾ? ಹೆಚ್ಚುಕಮ್ಮಿ ಆಗೋದ್ರೆ?"

ಕೊನೆಗೆ ಅವಳ ಹಿಡಿಯ ಮೆಂತ್ಯವನ್ನು ಚಿನ್ನದ ತಕ್ಕಡಿಗೆ ಸುರಿದು ತೂಕ ಬರೆದುಕೊಂಡ. ದಾಸವಾಳದ ಹೂವನ್ನು ತೊಟ್ಟು ತೆಗೆದು ಒಂದು ಸಲ, ತೊಟ್ಟಿನ ಸಮೇತ ಒಂದು ಸಲ ತೂಗಿದ. ಕಬ್ಬಿಣದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಸೊಪ್ಪಿನ ರಸವೆಲ್ಲ ಇಂಗಿ ನೊರೆ ಅಡಗುವವರೆಗೆ ಕೈಬಿಡದೆ ತಿರುವಿದ. ಹತ್ತಿಯ ಬತ್ತಿಯನ್ನು ಎಣ್ಣೆಗೆ ಅದ್ದಿ ಹಚ್ಚಿದರೆ ಚಟಪಟ ಎನ್ನಬಾರದು, ಸದ್ದು ಬಂದರೆ ನೀರು ಉಳಿದಿದೆ ಎಂದು ಅರ್ಥ. ಬತ್ತಿ ಸದ್ದಿಲ್ಲದೆ ಉರಿಯಿತು. ಕಡು ಹಸಿರು ಎಣ್ಣೆ ಎರಡು ಬಾಟಲಿ ಆಯಿತು. ಗಂಡಸರಿಗೆ ಎಣ್ಣೆಸ್ನಾನ ಬುಧವಾರ, ಶನಿವಾರ ಎಂದು ಹಿರಿಯರು ಮಾಡಿಟ್ಟ ಕಟ್ಟಳೆ, ಆ ದಿನ ಸೀಗೆಕಾಯಿ ಹಾಕಿ ತೊಳೆಯುವುದು. ಉಳಿದ ದಿನ ಬೆಳಿಗ್ಗೆ ನೆತ್ತಿಗೆ ನಾಲ್ಕು ತೊಟ್ಟು ಹಚ್ಚುವುದು ಎಂದಾಯಿತು. ಕೇಳಿದವರಿಗೆ, ಕುಲುಮೆಯ ಶಾಖಕ್ಕೆ ಕಣ್ಣು ಉರಿಯುತ್ತದೆ, ತಂಪಿಗೆ ಹಚ್ಚುತ್ತೇನೆ ಎಂದು ಹೇಳುವುದೆಂದೂ ಆಯಿತು.

ಇಷ್ಟಕ್ಕೇ ನಿಂತಿದ್ದರೆ ಈ ಕಥೆ ಇರುತ್ತಿರಲಿಲ್ಲ. ಆದರೆ ಕಾಳಪ್ಪ ಒರೆಗೆ ಹಚ್ಚದೆ ಯಾವುದನ್ನೂ ನಂಬುವವನಲ್ಲ. ಎಣ್ಣೆ ಕೆಲಸ ಮಾಡುತ್ತಿದೆಯೋ ಇಲ್ಲವೋ ಎಂದು ತಿಳಿಯಲು ಉದುರಿದ ಕೂದಲನ್ನು ಎಣಿಸಬೇಕು ಎಂದು ಅವನಿಗೆ ಹೊಳೆಯಿತು. ಬುಧವಾರ, ಶನಿವಾರ ಹಿತ್ತಲಿನ ಕಲ್ಲಿನ ಮೇಲೆ ಕೂತು, ತಲೆ ತೊಳೆದ ನೀರೆಲ್ಲ ಒಂದು ಬೋಗುಣಿಗೆ ಬೀಳುವಂತೆ ಬಗ್ಗಿ, ಆ ನೀರನ್ನು ಬಿಳಿಯ ಪಾಣಿಪಂಚೆಯಲ್ಲಿ ಸೋಸಿ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಚಿಮ್ಮಟದಿಂದ ಒಂದೊಂದೇ ಎತ್ತಿ ಎಣಿಸಿ, ಒಂದು ಪುಟ್ಟ ನೋಟುಬುಕ್ಕಿನಲ್ಲಿ ಬರೆದಿಡತೊಡಗಿದ. ಅಕ್ಕಸಾಲಿಯೊಬ್ಬ ಈ ಭಂಗಿಯಲ್ಲಿ ಕೂತರೆ ನೋಡಿದವರಿಗೆ ಏನು ಅನ್ನಿಸಬಹುದು ಎಂಬುದು, ಪಾಪ, ಅವನಿಗೆ ಹೊಳೆಯಲಿಲ್ಲ.

ಹೀಗೆ ಎರಡು ತಿಂಗಳು ಕಳೆದ ಮೇಲೆ ಒಂದು ಸೋಮವಾರ ಚಿಕ್ಕಸ್ವಾಮಿ ಮತ್ತು ಸೋಮಮ್ಮ ಚಿನ್ನ ತಂದರು. ಊರಾಚೆ ತೆಂಗಿನ ತೋಟ, ನಾಲ್ಕು ಹಸು ಇಟ್ಟುಕೊಂಡ ಮನೆ ಅವರದು. ಮಗಳು ರಮ್ಯಳಿಗೆ ಪಾಂಡವಪುರದ ಕಡೆ ಸಂಬಂಧ ಕುದುರಿ, ಶ್ರೀರಂಗಪಟ್ಟಣದ ಛತ್ರದಲ್ಲಿ ಲಗ್ನ ಎಂದು ಗೊತ್ತಾಗಿತ್ತು. ಆ ಮನೆಯ ತಾಳಿ ಕಾಳಪ್ಪನ ಮನೆಯ ಕೈಯಲ್ಲೇ ಆಗಬೇಕೆಂಬುದು ತಾತನ ಕಾಲದ ನಡವಳಿಕೆ. ಬಳೆ, ಸರಕ್ಕೆ ಜನ ಗಾಜಿನ ಬಾಗಿಲಿನ ದೊಡ್ಡ ಅಂಗಡಿಗಳಿಗೆ ಹೋಗಿ ಎಷ್ಟೋ ವರ್ಷವಾಗಿತ್ತು. ಕಾಳಪ್ಪನ ಪಾಲಿಗೆ ಉಳಿದಿದ್ದು ಇಂಥ ನಾಲ್ಕಾರು ಮನೆಯ ತಾಳಿ. ಅದೂ ಕೈ ತಪ್ಪಿದರೆ ಕುಲುಮೆಯಲ್ಲಿ ಬೆಂಕಿ ಹಾಕಲು ಕಾರಣವೇ ಇರುತ್ತಿರಲಿಲ್ಲ.

ಸೋಮಮ್ಮ ತಟ್ಟೆಯಲ್ಲಿ ಅಕ್ಕಿ, ಬೆಲ್ಲ, ಎಲೆಯಡಿಕೆ, ತೆಂಗಿನಕಾಯಿ ಇಟ್ಟು, ಅದರ ಮೇಲೆ ತನ್ನ ಅತ್ತೆಯ ಹಳೆಯ ತಾಳಿಯನ್ನೂ ಗುಂಡುಗಳನ್ನೂ ಇಟ್ಟಳು. ಹಳೆಯದು ಕರಗಿ ಹೊಸದಕ್ಕೆ ಸೇರಬೇಕು. ಕೆಲಸ ನಡೆಯುವಷ್ಟು ಹೊತ್ತು ಮನೆಯವರು ಎದುರಿಗೆ ಕೂತಿರುವುದೂ ನಡವಳಿಕೆಯೇ. ಅದು ಕಾವಲಲ್ಲ, ಮರ್ಯಾದೆ ಎಂದು ಎರಡೂ ಕಡೆಯವರು ಹೇಳಿಕೊಳ್ಳುತ್ತಿದ್ದರು.

ಆ ದಿನ ಶಾಖಕ್ಕೋ ಏನೋ ಕಾಳಪ್ಪನ ನೆತ್ತಿಯ ಎಣ್ಣೆ ಹಣೆಗೆ ಇಳಿಯತೊಡಗಿತು. ಅರ ಹಾಕಿ ಚಿನ್ನ ತೀಡುತ್ತಿದ್ದವನು ಆಗಾಗ ಕೈ ಎತ್ತಿ, ಹಣೆಯಿಂದ ಹಿಂದಕ್ಕೆ, ನೆತ್ತಿಯ ಮೇಲಿಂದ ಕತ್ತಿನವರೆಗೆ ಸವರಿಕೊಳ್ಳುತ್ತಿದ್ದ. ಅರದ ಪುಡಿ ಮೆತ್ತಿದ ಬೆರಳು, ಎಣ್ಣೆ ಸುರಿಯುವ ತಲೆ. ಸೋಮಮ್ಮ ಮೊದಲು ಗಮನಿಸಲಿಲ್ಲ. ಗಮನಿಸಿದ ಮೇಲೆ ಬೇರೆ ಏನನ್ನೂ ಗಮನಿಸಲಿಲ್ಲ. ಅವನು ಹನ್ನೊಂದು ಸಲ ಸವರಿಕೊಂಡದ್ದನ್ನು ಎಣಿಸಿದಳು.

"ಯಾಕಾಚಾರ್ರೇ, ತಲೆಗೆ ಇಷ್ಟೊಂದು ಎಣ್ಣೆ?" ಎಂದು ಮೆಲ್ಲನೆ ಕೇಳಿದಳು.

"ಕಣ್ಣು ತಂಪಿಗೆ ಅಮ್ಮಾ," ಎಂದ ಕಾಳಪ್ಪ ತಲೆ ಎತ್ತದೆ.

ಸ್ಕೂಟರಿನ ಹಿಂದೆ ಕೂತು ಊರಿಗೆ ಹೋಗುವಾಗ ಅವಳು ಗಂಡನೊಂದಿಗೆ ಒಂದು ಮಾತೂ ಆಡಲಿಲ್ಲ. ಚಿಕ್ಕಸ್ವಾಮಿ ಎರಡು ಸಲ ಸ್ಕೂಟರು ನಿಲ್ಲಿಸಿ, ಹೆಂಡತಿ ಹಿಂದೆ ಇದ್ದಾಳೆಯೇ ಎಂದು ತಿರುಗಿ ನೋಡಿದ.

ಬುಧವಾರ ಬೆಳಿಗ್ಗೆ ಸೋಮಮ್ಮ ಒಂದು ಡಬ್ಬಿ ಮೊಸರು ಹಿಡಿದು, ಅಂಗಡಿಯ ಮುಂದಿನಿಂದ ಬರದೆ ಓಣಿಯಿಂದ ಸೀದಾ ಹಿತ್ತಲಿಗೆ ಬಂದಳು. ರಾಧಾಮಣಿಗೆ ಕೊಡುವುದಕ್ಕೆ ಎಂದು ನೆಪ. ಹಿತ್ತಲಿನಲ್ಲಿ ರಾಧಾಮಣಿ ಇರಲಿಲ್ಲ. ಒದ್ದೆ ತಲೆಯ ಕಾಳಪ್ಪ ಇದ್ದ. ಮುಂದೆ ಬೋಗುಣಿ, ಮಡಿಲಲ್ಲಿ ಬಿಳಿಯ ಬಟ್ಟೆ, ಕಣ್ಣಿಗೆ ಭೂತಗನ್ನಡಿ, ಕೈಯಲ್ಲಿ ಚಿಮ್ಮಟ. ಬಟ್ಟೆಯಿಂದ ಏನನ್ನೋ ಒಂದೊಂದೇ ಎತ್ತಿ ಕಾಗದದ ಮೇಲೆ ಇಡುತ್ತಿದ್ದ. ತುಟಿ ಅಲ್ಲಾಡುತ್ತಿತ್ತು. ಆಮೇಲೆ ಒಂದು ಪುಸ್ತಕ ತೆಗೆದು ಬರೆದುಕೊಂಡ. ಮುಖದಲ್ಲಿ, ಸೋಮಮ್ಮನೇ ಆಮೇಲೆ ಹೇಳಿದಂತೆ, 'ನೆಮ್ಮದಿ' ಇತ್ತು.

ಅವಳ ಕಾಲುಂಗುರದ ಸದ್ದಿಗೆ ಅವನು ಬೆಚ್ಚಿಬಿದ್ದು ಪುಸ್ತಕವನ್ನು ತೊಡೆಯ ಕೆಳಗೆ ಸೇರಿಸಿದ.

"ಕಣ್ಣು ತಂಪಿಗೆ ಅಮ್ಮಾ," ಎಂದ, ಅವಳು ಏನೂ ಕೇಳುವ ಮುಂಚೆಯೇ.

ಅಂದಿನಿಂದ ಸೋಮಮ್ಮ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯತೊಡಗಿದಳು. ಅವನು ತಲೆಗೆ, ಇವಳು ಕಣ್ಣಿಗೆ. ಬೆಳಿಗ್ಗೆ ಹಾಲು ಕರೆದು ಡೈರಿಗೆ ಹಾಕಿದ ಮೇಲೆ ಗಂಡಹೆಂಡಿರಲ್ಲಿ ಒಬ್ಬರು ಬಂದು ಅಂಗಡಿಯಲ್ಲಿ ಕೂತರೆ ಸಂಜೆಯವರೆಗೆ ಏಳುತ್ತಿರಲಿಲ್ಲ. ಬಾಯಿಬಿಟ್ಟು ಆಪಾದನೆ ಮಾಡುವ ಜನ ಅವರಲ್ಲ. ಆದರೆ ಸೋಮಮ್ಮ ಎದುರಂಗಡಿಗೆ ರವಿಕೆ ಅಳತೆ ಕೊಡಲು ಹೋದಾಗ ಶಂಕರನಿಗೆ ಒಂದು ಮಾತು, ಯಾರಿಗೂ ಹೇಳಬೇಡ ಎಂದು ಹೇಳಿ, ಹೇಳಿಬಿಟ್ಟಳು. ಶಂಕರ್ ಕೂಡ ಯಾರಿಗೂ ಹೇಳಬೇಡ ಎಂದೇ ಎಲ್ಲರಿಗೂ ಹೇಳಿದ. ಎರಡೇ ದಿನದಲ್ಲಿ, ಉಂಗುರ ಸಣ್ಣ ಮಾಡಲು ಕೊಟ್ಟಿದ್ದವನು ಬಂದು, ಬೆರಳೇ ದಪ್ಪಗಾಗಿದೆ, ಹಾಗೇ ಇರಲಿ ಎಂದು ವಾಪಸು ತೆಗೆದುಕೊಂಡು ಹೋದ. ಓಲೆ ಕೊಟ್ಟವಳು ಒಂದು ಓಲೆ ಆಗಿ ಇನ್ನೊಂದು ಆಗದಿದ್ದರೂ ಪರವಾಗಿಲ್ಲ ಎಂದು ಎರಡನ್ನೂ ಸೆರಗಿಗೆ ಕಟ್ಟಿಕೊಂಡಳು. ಬಂದವರೆಲ್ಲ ಮಾತಾಡುವಾಗ ಅವನ ಮುಖ ನೋಡುತ್ತಿರಲಿಲ್ಲ, ತಲೆಯನ್ನೇ ನೋಡುತ್ತಿದ್ದರು.

ಕಾಳಪ್ಪನಿಗೆ ಎಲ್ಲವೂ ಸ್ಪಷ್ಟವಾಯಿತು. ರೀಲ್ಸು ಊರಿಗೆಲ್ಲ ಹರಡಿದೆ. ಬೋಳುತಲೆಯ ಅಕ್ಕಸಾಲಿಯ ಕೈಯಲ್ಲಿ ಶುಭದ ಒಡವೆ ಮಾಡಿಸಲು ಜನಕ್ಕೆ ಮನಸ್ಸಿಲ್ಲ.

"ನೋಡಿದ್ಯಾ? ಕೂದ್ಲಿಲ್ಲ ಅಂದ್ರೆ ವ್ಯಾಪಾರನೂ ಇಲ್ಲ," ಎಂದು ಹೆಂಡತಿಗೆ ಹೇಳಿದ.

"ಎಷ್ಟೋ ಬೋಳುತಲೆಯೋರು ಕಾರಲ್ಲಿ ಓಡಾಡ್ತಾವ್ರೆ," ಎಂದಳು ರಾಧಾಮಣಿ. ಅವನು ಕೇಳಿಸಿಕೊಳ್ಳಲಿಲ್ಲ. ನಾಲ್ಕು ತೊಟ್ಟಿದ್ದದ್ದನ್ನು ಒಂದು ಚಮಚ ಮಾಡಿದ. ಎಣ್ಣೆ ಹೆಚ್ಚಿದಷ್ಟೂ ಸವರಿಕೊಳ್ಳುವುದು ಹೆಚ್ಚಿತು, ಸವರಿಕೊಂಡಷ್ಟೂ ಗಿರಾಕಿಗಳು ಕಮ್ಮಿಯಾದರು, ಅವರು ಕಮ್ಮಿಯಾದಷ್ಟೂ ಅವನು ಎಣ್ಣೆ ಹೆಚ್ಚಿಸಿದ.

ಮುಂದಿನ ವಾರದ ಗುರುವಾರ ಚಿಕ್ಕಸ್ವಾಮಿ ಒಂದು ಹೊಸ ಟವೆಲ್ಲು ತಂದು ಅವನ ಮುಂದಿಟ್ಟ. ಮೆತ್ತನೆಯ ಮನುಷ್ಯ ಚಿಕ್ಕಸ್ವಾಮಿ, ಹಸುವಿಗೆ ಸೂಜಿ ಚುಚ್ಚುವಾಗ ಬೇರೆ ಕಡೆ ನೋಡುವವನು. ಈಗಲೂ ಬೇರೆ ಕಡೆಯೇ ನೋಡುತ್ತಿದ್ದ.

"ಇದ ತಲೆಗೆ ಸುತ್ಕಂಡು ಕೆಲ್ಸ ಮಾಡಿ ಆಚಾರ್ರೇ. ನಿಮ್ಗೂ ನೆಮ್ಮದಿ, ನಮ್ಗೂ ನೆಮ್ಮದಿ."

ಕಾಳಪ್ಪ ಟವೆಲ್ಲನ್ನು ಮಡಿಲಿಗೆ ಎಳೆದುಕೊಂಡ. ಇಷ್ಟು ನಯವಾಗಿ ಯಾರೂ ಅವನ ನೆತ್ತಿಯನ್ನು ಪ್ರಸ್ತಾಪಿಸಿರಲಿಲ್ಲ.

"ಗೌಡ್ರೇ, ನೀವೂ ಕಂಡ್ಬುಟ್ರಾ?"

"ನಾನಲ್ಲ. ನಮ್ಮೋಳು ಕಂಡ್ಲು. ಓಗ್ಲಿ, ಇಲ್ಲಿಗೇ ನಿಲ್ಸ್‌ಬುಡಿ."

"ನಿಲ್ಸಾದು ನನ್ ಕೈಲಿ ಎಲ್ಲೈತೆ ಗೌಡ್ರೇ? ನಮ್ಮಪ್ಪಂಗೂ ಇಂಗೇ ಇತ್ತು. ನಮ್ ತಾತಂಗೂ ಇತ್ತು. ವಂಸದಲ್ಲೇ ಬಂದದ್ದು."

ಚಿಕ್ಕಸ್ವಾಮಿ ಗೋಡೆ ಹಿಡಿದುಕೊಂಡು ಎದ್ದ. ತಾತ! ಅವನ ಅವ್ವನ ತಾಳಿ, ಅಜ್ಜಿಯ ತಾಳಿ, ಮನೆಯ ಅಷ್ಟೂ ಹೆಂಗಸರ ಕೊರಳು ಅವನ ಕಣ್ಣ ಮುಂದೆ ಸಾಲಾಗಿ ಬಂದು ನಿಂತಿತು. ಟವೆಲ್ಲು ಅಲ್ಲೇ ಬಿಟ್ಟು, ಚಪ್ಪಲಿಯನ್ನೂ ಅಲ್ಲೇ ಬಿಟ್ಟು ಊರಿಗೆ ಹೋದ.

"ತಾತನ ಕಾಲದಿಂದ ಅಂತೆ. ಬಾಯ್ಬುಟ್ಟು ಒಪ್ಕಂಡವ್ರೆ," ಎಂದ ಹೆಂಡತಿಗೆ. ಸೋಮಮ್ಮ ಆಗಲೇ ಅಣ್ಣನಿಗೆ ಫೋನು ಮಾಡಿದಳು.

ಸೋಮಮ್ಮನ ಅಣ್ಣ ತಮ್ಮಯ್ಯ ಕೆ.ಆರ್. ಪೇಟೆಯಲ್ಲಿ ಮನೆ ಕಟ್ಟಿಕೊಂಡಿದ್ದ ನಿವೃತ್ತ ಗ್ರಾಮಲೆಕ್ಕಿಗ. ನಿವೃತ್ತಿಯಾಗಿ ಆರು ವರ್ಷವಾಗಿದ್ದರೂ ಜೇಬಿನಲ್ಲಿ ಎರಡು ಪೆನ್ನು, ಚೀಲದಲ್ಲಿ ಬಿಳಿ ಹಾಳೆ, ಮನಸ್ಸಿನಲ್ಲಿ ಮಹಜರು ಸದಾ ಸಿದ್ಧವಿರುತ್ತಿತ್ತು. ಮಹಜರು ಮಾಡದೆ ಅವನು ಮನೆಗೆ ಮಿಕ್ಸಿ ಕೊಂಡವನಲ್ಲ. ಪೊಲೀಸು ಗಿಲೀಸು ಬೇಡ, ಪಂಚರ ಸಮಕ್ಷಮದಲ್ಲಿ ತಾನೇ ಪತ್ತೆ ಮಾಡುತ್ತೇನೆ ಎಂದು ಶನಿವಾರ ಬೆಳಿಗ್ಗೆ ಎಂಟಕ್ಕೆ, ಕಾಳಪ್ಪ ಇನ್ನೇನು ಸೀಗೆಪುಡಿ ಕಲಸಬೇಕು ಎನ್ನುವಾಗ, ತಂಗಿ, ಭಾವ ಮತ್ತು ಪಂಚನಾಗಿ ಟೈಲರ್ ಶಂಕರನನ್ನು ಕರೆದುಕೊಂಡು ಹಿತ್ತಲಿಗೆ ಬಂದ. ಶಂಕರನ ಕೊರಳಲ್ಲಿ ಅಳತೆ ಟೇಪು ಹಾಗೇ ಇತ್ತು.

"ಯಾರೂ ಅಲ್ಲಾಡ್ಬೇಡಿ. ಎಲ್ಲಾ ಎಂಗೈತೋ ಅಂಗೇ ಇರ್ಲಿ," ಎಂದ ತಮ್ಮಯ್ಯ. ಕಾಳಪ್ಪನ ಕೈಯಲ್ಲಿ ಸೀಗೆಪುಡಿಯ ಬಟ್ಟಲು ಹಾಗೇ ನಿಂತಿತು. ತಮ್ಮಯ್ಯ ಒಗೆಯುವ ಕಲ್ಲಿನ ಮೇಲೆ ಕೂತು, ಬರೆಯುತ್ತ ಬರೆಯುತ್ತ ಗಟ್ಟಿಯಾಗಿ ಓದಿದ.

"ಸದರಿ ಅಕ್ಕಸಾಲಿಯವರ ತಲೆಯನ್ನು ಖುದ್ದು ಪರಿಶೀಲಿಸಲಾಗಿ, ಅದರ ಚಕ್ಕುಬಂದಿ ಈ ರೀತಿ ಇರುತ್ತದೆ. ಪೂರ್ವಕ್ಕೆ ಹಣೆ, ಪಶ್ಚಿಮಕ್ಕೆ ಕತ್ತು, ಉತ್ತರಕ್ಕೆ ಎಡಗಿವಿ, ದಕ್ಷಿಣಕ್ಕೆ ಬಲಗಿವಿ. ಇದರ ಮಧ್ಯೆ ಸುಮಾರು ಅಂಗೈ ಅಗಲದ ಖರಾಬು ಜಾಗ ಇದ್ದು, ಉಳಿದ ಭಾಗದಲ್ಲಿ ವಿರಳವಾಗಿ ಬೆಳೆ ಇರುತ್ತದೆ. ಸ್ಥಳವು ಎಣ್ಣೆಯಿಂದ ಕೂಡಿರುತ್ತದೆ."

"ಅಂಗೈ ಅಲ್ಲ," ಎಂದು ಶಂಕರ್ ಟೇಪು ತೆಗೆದು ಅಳೆಯಲು ಹೋದ. ಸೋಮಮ್ಮ ಕಣ್ಣಲ್ಲೇ ತಡೆದಳು.

"ಇದೆಲ್ಲ ಯಾತಕ್ಕೆ ಗೌಡ್ರೇ?" ಎಂದ ಕಾಳಪ್ಪ ಚಿಕ್ಕಸ್ವಾಮಿಯ ಕಡೆ ತಿರುಗಿ. ಚಿಕ್ಕಸ್ವಾಮಿ ದಾಸವಾಳದ ಗಿಡ ನೋಡುತ್ತಿದ್ದ. ತಮ್ಮಯ್ಯನೇ ಉತ್ತರಿಸಿದ.

"ಅರದ ಪುಡಿನ ಎಣ್ಣೆತಲೆಗೆ ಮೆತ್ಕಂಡು, ನೀರಲ್ಲಿ ತೊಳ್ದು, ಬಟ್ಟೇಲಿ ಸೋಸಿ, ಚಿನ್ನ ಎತ್ತಿಡ್ತಾ ಇದ್ದೀರಿ ಅಂತ ದೂರು ಐತೆ. ತಲೆ ತೊಳೀರಿ. ನಾವೇ ಸೋಸ್ತೀವಿ."

ಕಾಳಪ್ಪನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಬಟ್ಟಲನ್ನು ನೆಲಕ್ಕಿಟ್ಟ. ತನ್ನ ಕೈಯನ್ನೇ ತಿರುಗಿಸಿ ನೋಡಿಕೊಂಡ. ಮೂವತ್ತು ವರ್ಷದಲ್ಲಿ ಒಂದು ಗುಲಗಂಜಿ ತೂಕ ಹೆಚ್ಚುಕಮ್ಮಿ ಮಾಡದ ಕೈ ಅದು. ಸೊಂಟದಲ್ಲಿ ಸಿಕ್ಕಿಸಿದ್ದ ಪುಸ್ತಕವನ್ನು ತೆಗೆದು ತೋರಿಸಿದ್ದರೆ ಎರಡು ನಿಮಿಷದ ಕೆಲಸ. ಆದರೆ ಟೇಪು ಹಿಡಿದ ಶಂಕರ್ ಎದುರಿಗೇ ನಿಂತಿದ್ದ, ಆ ಪುಸ್ತಕದ ಸುದ್ದಿ ಅವನ ಕಿವಿಗೆ ಬಿದ್ದರೆ ಊರಿನ ಕಿವಿಗೆ ಬಿದ್ದ ಹಾಗೆ. ಕಳ್ಳ ಎನ್ನಿಸಿಕೊಳ್ಳುವುದೋ, ಕೂದಲು ಎಣಿಸುವವನು ಎನ್ನಿಸಿಕೊಳ್ಳುವುದೋ ಎಂದು ತೂಗಿ ನೋಡಿ, ಕಾಳಪ್ಪ ತಲೆ ಬಗ್ಗಿಸಿ ಕೂತು ನೀರು ಹಾಕಿಕೊಂಡ.

ನಾಲ್ಕು ತಲೆ ಬೋಗುಣಿಯ ಮೇಲೆ ಬಗ್ಗಿದವು. ತಮ್ಮಯ್ಯ ನೀರನ್ನು ಸೋಸಿದ. ಭೂತಗನ್ನಡಿಯನ್ನು ತಿರುಗಮುರುಗ ಹಿಡಿದು ಹುಡುಕಿದ. ಬಟ್ಟೆಯಲ್ಲಿ ಇದ್ದದ್ದು ಇಪ್ಪತ್ತೊಂಬತ್ತು ಕೂದಲು, ಒಂದು ದಾಸವಾಳದ ಎಸಳು, ಒಂದು ಇರುವೆ. ಕೂದಲಿಗೆ ಚಿನ್ನ ಅಂಟಿರಬಹುದು ಎಂದು ಅಂಗಡಿಯಿಂದ ಮೂಸೆ ತರಿಸಿ, ಅದರಲ್ಲಿಟ್ಟು ಹಿತ್ತಲಿನ ನೀರೊಲೆಯಲ್ಲಿ ಸುಡಿಸಿದ. ಹಿತ್ತಲ ತುಂಬ ನಾತ ಹಬ್ಬಿತೇ ಹೊರತು ಮೂಸೆಯ ತಳದಲ್ಲಿ ಸಾಸಿವೆಯಷ್ಟೂ ಹೊಳೆಯಲಿಲ್ಲ.

"ಇವತ್ತು ಸಿಗ್ನಿಲ್ಲ. ಸರಿ. ಆವತ್ತು ಬುಧವಾರ ಎತ್ತಿ ಎತ್ತಿ ಬರ್ಕಂಡಿದ್ದು ಏನು?" ಎಂದ ತಮ್ಮಯ್ಯ.

ಕಾಳಪ್ಪ ಸೊಂಟಕ್ಕೆ ಕೈ ಅಡ್ಡ ಹಿಡಿದ. ಇಷ್ಟು ಹೊತ್ತು ಬಾಗಿಲಲ್ಲಿ ನಿಂತಿದ್ದ ರಾಧಾಮಣಿ ಬಂದು, ಗಂಡನ ಸೊಂಟದಿಂದ ಪುಸ್ತಕ ಕಿತ್ತು ತಮ್ಮಯ್ಯನ ಕೈಗಿಟ್ಟಳು.

"ಓದಿ. ಗಟ್ಟಿಯಾಗೇ ಓದಿ," ಎಂದಳು.

ತಮ್ಮಯ್ಯ ಓದಿದ. ಪಹಣಿ ಓದಿದ ಧ್ವನಿಯಲ್ಲೇ ಓದಿದ.

"ಉದುರಿದ ಕೂದಲು. ಮೊದಲನೇ ಬುಧವಾರ, ನೂರಾ ಹನ್ನೆರಡು. ಬುಡ ಸಮೇತ ಎಂಟು. ಶನಿವಾರ, ನೂರಾ ನಾಲ್ಕು. ಬುಧವಾರ, ತೊಂಬತ್ತೇಳು. ಬಿಳಿಯದು ಲೆಕ್ಕಕ್ಕೆ ಸೇರಿಸಿಲ್ಲ. ಶನಿವಾರ..." ಅವನ ಧ್ವನಿ ಸ್ವಲ್ಪ ಸ್ವಲ್ಪವೇ ಇಳಿಯಿತು. "ಮೊನ್ನೆ ಬುಧವಾರ, ಮೂವತ್ಮೂರು. ದೇವರು ದೊಡ್ಡವನು."

ಯಾರೂ ನಗಲಿಲ್ಲ. ಶಂಕರ್ ಕೂಡ ಟೇಪನ್ನು ಬೆರಳಿಗೆ ಸುತ್ತುತ್ತ ನಿಂತ. ತಮ್ಮಯ್ಯ ತನ್ನ ಮಹಜರನ್ನು ಮಡಚಿದ, ಮತ್ತೆ ಮಡಚಿದ, ಜೇಬಿಗೆ ಹಿಡಿಸುವಷ್ಟು ಚಿಕ್ಕದಾದ ಮೇಲೂ ಮಡಚುತ್ತಲೇ ಇದ್ದ.

ಕಾಳಪ್ಪ ಎದ್ದು ಅಂಗಡಿಗೆ ಹೋದ. ಎಲ್ಲರೂ ಹಿಂದೆ ಹೋದರು. ಅವನು ಪೆಟ್ಟಿಗೆ ತೆಗೆದು, ಅರ್ಧ ಮುಗಿದ ತಾಳಿ, ಉಳಿದ ಚಿನ್ನ, ಅರದ ಪುಡಿಯ ಪೊಟ್ಟಣ ಎಲ್ಲವನ್ನೂ ತಟ್ಟೆಗಿಟ್ಟು ಸೋಮಮ್ಮನ ಮುಂದೆ ಸರಿಸಿದ. ಒದ್ದೆ ಕೂದಲಿನಿಂದ ನೀರು ಇಳಿದು ಅಂಗಿಯ ಭುಜ ನೆನೆದಿತ್ತು.

"ತೂಕ ನೋಡ್ಕೊಳಿ ಅಮ್ಮಾ. ಸರಿಯಾಗೈತೆ. ಬೇರೆ ಕಡೆ ಮಾಡಿಸ್ಕೊಳಿ. ನನ್ನನ್ನ ಕಳ್ಳ ಅಂದ್ಕೊಂಡು ಎದುರಿಗೆ ಕುಂತಿದ್ರಲ್ಲ, ಅದು ನಂಗೆ ತುಂಬಾ ನೋವಾಯ್ತು. ಈ ಕೈಲಿ ಇನ್ನು ನಿಮ್ಮನೆ ತಾಳಿಗೆ ಅರ ಹಾಕಾಕಾಗಲ್ಲ."

"ತಗೋ ಸೋಮಿ, ತೂಗ್ಸು," ಎಂದ ತಮ್ಮಯ್ಯ. ತಪ್ಪಾಗಿದೆ ಎಂದು ಅವನಿಗೂ ಗೊತ್ತಿತ್ತು, ಆದರೆ ಬರಿಗೈಲಿ ಸುಮ್ಮನಿರಲು ಬರುತ್ತಿರಲಿಲ್ಲ. ಸೋಮಮ್ಮ ತಟ್ಟೆಯನ್ನು ಮುಟ್ಟಲಿಲ್ಲ. ಅವಳ ಮುಖ ಬಿಳಿಚಿತ್ತು. ನಾಚಿಕೆಯಿಂದ ಅವಳಿಗೆ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ.

"ಅಣ್ಣಾ, ನೀವೆಲ್ಲ ಒಸಿ ಆಚೆಗೋಗಿ," ಎಂದಳು.

"ಯಾಕೆ? ಪಂಚರು ಇರ್ಬೇಕು."

"ಆಚೆಗೋಗಿ ಅಂದೆ."

ಮೂವರೂ ಹೊರಗೆ ಹೋಗಿ ಜಗಲಿಯ ಮೇಲೆ ನಿಂತರು. ಸೋಮಮ್ಮ ಎದ್ದು ಬಾಗಿಲು ಮುಂದೆ ಮಾಡಿ ಬಂದು ಕೂತಳು. ರಾಧಾಮಣಿ ಕಂಬಕ್ಕೆ ಒರಗಿ ನೋಡುತ್ತಿದ್ದಳು. ಸೋಮಮ್ಮ ಎರಡೂ ಕೈಯನ್ನು ಸೆರಗಿನೊಳಗೆ ತಲೆಯ ಹಿಂದಕ್ಕೆ ಒಯ್ದು ಒಂದು ಪಿನ್ನು ತೆಗೆದಳು, ಇನ್ನೊಂದು ತೆಗೆದಳು, ಮೂರನೆಯದನ್ನು ಹಲ್ಲಲ್ಲಿ ಕಚ್ಚಿಕೊಂಡಳು. ಆಮೇಲೆ ಅವಳ ತುರುಬು ಹಾಗೇ ಕೈಗೆ ಬಂತು. ಕಪ್ಪಗೆ, ದಪ್ಪಗೆ, ಮೊಳದುದ್ದದ ಚೌಲಿ. ಅದನ್ನು ತಟ್ಟೆಯಲ್ಲಿ, ಚಿನ್ನದ ಪಕ್ಕದಲ್ಲಿಟ್ಟಳು. ಅವಳ ಕತ್ತಿನ ಮೇಲೆ ಉಳಿದದ್ದು ನಿಂಬೆಹಣ್ಣಿನಷ್ಟು ಸಣ್ಣ ಗಂಟು.

"ರಮ್ಯ ಉಟ್ಟಿದ್ಮೇಲೆ ಉದುರಾಕೆ ಸುರುವಾಯ್ತು ಆಚಾರ್ರೇ. ಇಪ್ಪತ್ನಾಲ್ಕು ವರ್ಸಾಯ್ತು. ನಮ್ಮೆಜಮಾನ್ರಿಗೂ ಗೊತ್ತಿಲ್ಲ. ಗೊತ್ತಿದ್ರೂ ಗೊತ್ತಿಲ್ದಂಗೆ ಅವ್ರೆ." ಅವಳ ಕಣ್ಣು ತುಂಬಿತು. "ನಿಮ್ ಮಾನ ನಾನು ಬೀದಿಗಿಕ್ಬುಟ್ಟೆ. ನಂದ ಇಲ್ಲಿ ಮಡಗಿವ್ನಿ. ತಾಳಿ ಆಗೋಗಂಟ ನಿಮ್ತಾವೇ ಇರ್ಲಿ. ನಾನು ಇಂಗೇ ಓಯ್ತೀನಿ. ಮನ್ಸು ಬಂದ್ರೆ ಊರ್ಗೆಲ್ಲಾ ತೋರ್ಸಿ."

ಹೊರಗೆ ತಮ್ಮಯ್ಯ, ಬಾಗಿಲು ಮುಚ್ಚಿದ್ದು ಎಷ್ಟು ಗಂಟೆಗೆ ಎಂದು ಶಂಕರನನ್ನು ಕೇಳುತ್ತಿದ್ದದ್ದು ಕೇಳಿಸುತ್ತಿತ್ತು. ಕಾಳಪ್ಪ ಪಂಚೆಯ ಅಂಚಿಗೆ ಕೈ ಒರೆಸಿಕೊಂಡು, ಚೌಲಿಯನ್ನು ಎರಡೂ ಕೈಯಲ್ಲಿ ಎತ್ತಿ, ಮುಗಿದ ಒಡವೆಯನ್ನು ಗಿರಾಕಿಗೆ ಒಪ್ಪಿಸುವ ಹಾಗೆ ಸೋಮಮ್ಮನ ಮುಂದೆ ಹಿಡಿದ.

"ಇದ ತಕೊಳಿ ಅಮ್ಮಾ," ಎಂದ. "ಚಿನ್ನ ಇಲ್ಲೇ ಇರ್ಲಿ."

ಸೋಮಮ್ಮ ಮೂಗೊರೆಸಿಕೊಂಡು ಅದನ್ನು ತೆಗೆದುಕೊಂಡಳು. ಗಂಟಿಗೆ ಸೇರಿಸಿ ಸುತ್ತಿ, ಒಂದೊಂದೇ ಪಿನ್ನು ಚುಚ್ಚಿದಳು. ಹೊರಗಿನಿಂದ ಚಿಕ್ಕಸ್ವಾಮಿ, "ಏನಾಯ್ತಮ್ಮೀ, ಒಪ್ಪುದ್ರಾ?" ಎಂದು ಕೇಳಿದ. ಅವಳು ಅವಸರದಿಂದ ಅಕ್ಕಸಾಲಿಯ ಕಡೆ ಬೆನ್ನು ತಿರುಗಿಸಿ ಕೂತಳು.

"ನೆಟ್ಟಗೈತಾ ಆಚಾರ್ರೇ?"

ಕಾಳಪ್ಪ ತಲೆ ಎತ್ತಿ, ಒಂದು ಕಣ್ಣು ಕಿರಿದು ಮಾಡಿ ನೋಡಿದ.

"ಒಸಿ ಎಡಕ್ಕೆ," ಎಂದ.